ಎಂಬತ್ತಾರು ಡಿಗ್ರಿ, ಹನ್ನೊಂದು ನಿಮಿಷ

ಕೂತುಕೊಳ್ಳಿ, ಇದನ್ನೊಂದು ಪೂರ್ತಿ ಕೇಳಿ. ಅರ್ಧಕ್ಕೆ ಎದ್ದು ಹೋಗಬೇಡಿ. ಅರ್ಧಕ್ಕೆ ನಿಂತರೆ ಏನೇನು ಹಾಳಾಗುತ್ತದೆ ಎಂಬುದೇ ಇಲ್ಲಿಯ ಕತೆ, ಹಾಗಿರುವಾಗ ನೀವೇ ಅರ್ಧಕ್ಕೆ ಎದ್ದರೆ ಚೆನ್ನಾಗಿರುವುದಿಲ್ಲ.

ಅದು ಅತ್ತೆ ಸೊಸೆ ಇಬ್ಬರೇ ನಡೆಸುವ ಅಂಗಡಿ. ಮುಂದೊಂದು ಕೋಣೆ, ಹಿಂದೊಂದು ಕೋಣೆ. ಅಟ್ಟ ಗುಡಿಸುವಾಗ ಸಿಕ್ಕಿದ ಹಳೆಯ ಸಿನಿಮಾ ರೀಲುಗಳನ್ನು ಜನ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಕೊಂಡು ಅಲ್ಲಿಗೆ ಬರುತ್ತಾರೆ. ಅಜ್ಜ ತೆಗೆದದ್ದು, ಸೋದರಮಾವ ತೆಗೆದದ್ದು, ಯಾರು ತೆಗೆದರೋ ಗೊತ್ತಿಲ್ಲದ್ದು. ಹಿಂದಿನ ಕೋಣೆಯ ಸ್ಕ್ಯಾನರ್ ಆ ರೀಲನ್ನು ಒಂದು ಚಕ್ರದಿಂದ ಇನ್ನೊಂದು ಚಕ್ರಕ್ಕೆ ಸುತ್ತುತ್ತಾ, ಒಂದೊಂದು ಚಿತ್ರವನ್ನೂ ಫೋಟೋ ಹೊಡೆದು ಕಂಪ್ಯೂಟರಿಗೆ ಕಳಿಸುತ್ತದೆ. ರೀಲು ಅತ್ತೆಯದು, ಕಂಪ್ಯೂಟರ್ ಸೊಸೆಯದು. ಈ ಗಡಿಯನ್ನು ಯಾರೂ ಬರೆದಿಟ್ಟಿರಲಿಲ್ಲ. ಆದರೂ ಅದನ್ನು ಆರು ವರ್ಷದಲ್ಲಿ ಯಾರೂ ದಾಟಿರಲಿಲ್ಲ.

ಅತ್ತೆಯದು ನಲವತ್ತು ವರ್ಷದ ಕೈ. ಹಳೆಯ ರೀಲು ಕಾಲ ಹೋದಂತೆ ಕುಗ್ಗುತ್ತದೆ. ಅಂಚಿನ ತೂತುಗಳು ಯಂತ್ರದ ಹಲ್ಲಿಗೆ ಸರಿಯಾಗಿ ಕೂರುವುದಿಲ್ಲ. ಯಂತ್ರವನ್ನು ಅದರ ಪಾಡಿಗೆ ಬಿಟ್ಟರೆ ಹರಿದು ಕೈಗೆ ಕೊಡುತ್ತದೆ. ಅತ್ತೆ ಬಿಳಿ ಗ್ಲೌಸ್ ಹಾಕಿಕೊಂಡು, ಎರಡೂ ಕಡೆ ಎರಡೆರಡು ಬೆರಳು ಇಟ್ಟು, ರೀಲು ಬಿಗಿಯಾದರೆ ಸಡಿಲ ಬಿಟ್ಟು, ಸಡಿಲವಾದರೆ ಎಳೆದುಕೊಂಡು, ನಡೆಯಲು ಕಲಿಯುವ ಮಗುವನ್ನು ಹಿಡಿದ ಹಾಗೆ ದಾಟಿಸುತ್ತಿದ್ದಳು. ಸೊಸೆಯೂ ಕಲಿಯಲು ನೋಡಿದ್ದಳು. ಹಾಳು ರೀಲು ಹದಿನಾಲ್ಕು ಹರಿದ ಮೇಲೆ "ನೀನು ಕಂಪ್ಯೂಟರ್ ನೋಡ್ಕೋ ಮಗಳೇ" ಎಂಬ ತೀರ್ಪು ಬಂದಿತ್ತು.

ಆ ಹಿಂದಿನ ಕೋಣೆಯಲ್ಲಿ ಫ್ಯಾನ್ ಇಲ್ಲ. ಇರಕೂಡದು. ಫ್ಯಾನ್ ತಿರುಗಿದರೆ ಧೂಳು ಏಳುತ್ತದೆ, ಧೂಳು ರೀಲಿನ ಮೇಲೆ ಕೂರುತ್ತದೆ, ಚಿತ್ರದಲ್ಲಿನ ಮುಖದ ಮೇಲೆ ಕೂತ ಒಂದು ಕಣ ಪರದೆಯ ಮೇಲೆ ಬದನೆಕಾಯಿಯಷ್ಟು ಕಾಣುತ್ತದೆ. ಕಂಪ್ಯೂಟರಿನ ಪೆಟ್ಟಿಗೆಯ ಮುಂದಿದ್ದ ಫ್ಯಾನಿಗೂ ಅತ್ತೆ ಮೊದಲ ದಿನವೇ ಟೇಪು ಅಂಟಿಸಿದ್ದಳು. ಹಿಂದಿನ ಫ್ಯಾನಿಗೆ ಮಾತ್ರ ಗೋಡೆಯ ಕಡೆ ಮುಖ ಮಾಡಿ ಊದುವ ಷರತ್ತಿನ ಮೇಲೆ ಅನುಮತಿ ಸಿಕ್ಕಿತ್ತು.

ಕಷ್ಟ ಶುರುವಾದದ್ದು ಇಲ್ಲಿಂದ. ಸ್ಕ್ಯಾನರ್ ಕಳಿಸುವ ಚಿತ್ರಗಳು ಸಣ್ಣವಲ್ಲ, ಹನಿಹನಿಯಾಗಿ ಬರುವುದೂ ಇಲ್ಲ. ಹಳೇ ಹಾರ್ಡ್ ಡಿಸ್ಕಿಗೆ ಆ ವೇಗ ತಡೆಯದು ಎಂದು ಸೊಸೆ ಎಸ್‌ಎಸ್‌ಡಿ ತಂದು ಹಾಕಿದ್ದಳು. ಚಿತ್ರಗಳನ್ನು ಬೇಗ ಬರೆದುಕೊಳ್ಳುವ ಹೆಬ್ಬೆರಳಗಲದ ಪಟ್ಟಿ, ಕಂಪ್ಯೂಟರಿನ ಹೊಟ್ಟೆಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲೇ ಮಲಗುತ್ತದೆ. ಆ ಕಾರ್ಡು ತಾನೇ ಒಂದು ಒಲೆ. ಅಡಿಯಲ್ಲಿದ್ದ ಪಟ್ಟಿಗೆ ತನ್ನ ಬಿಸಿಯೂ ಸಾಲದೆಂಬಂತೆ ಮೇಲಿನವರ ಬಿಸಿಯೂ ಸಿಗುತ್ತಿತ್ತು. ಎಂಟು ನಿಮಿಷ ಚೆನ್ನಾಗಿ ಬರೆದುಕೊಳ್ಳುತ್ತದೆ. ಎಂಟು ದಾಟಿದರೆ ಎಂಬತ್ತನಾಲ್ಕು ಡಿಗ್ರಿ. ಆಗ ಜೀವ ಉಳಿಸಿಕೊಳ್ಳಲು ತಾನೇ ತಾನಾಗಿ ಕೆಲಸ ನಿಧಾನ ಮಾಡುತ್ತದೆ, ಥೇಟ್ ಊಟದ ಮೇಲಿನ ಗುಮಾಸ್ತನ ಹಾಗೆ. ಬರೆದುಕೊಳ್ಳುವವರು ನಿಧಾನವಾದರೆ ಸ್ಕ್ಯಾನರ್ ಝಟ್ಟನೆ ನಿಲ್ಲುತ್ತದೆ. ನಿಂತ ಏಟಿಗೆ ರೀಲು ಜಗ್ಗುತ್ತದೆ. ಗಟ್ಟಿ ರೀಲಾದರೆ ಜಗ್ಗಿ ಸುಮ್ಮನಾಗುತ್ತದೆ. ಕುಗ್ಗಿದ ರೀಲಾದರೆ ಎರಡು ತುಂಡು.

ಬೀಗದವರು ಬಂದದ್ದು ಆಗಲೇ.

ಬೀಗದವರು ಎಂದರೆ ಮುಂದಿನ ಬೀದಿಯಲ್ಲಿ ಬೀಗ ರಿಪೇರಿ ಮಾಡುವ, ಐವತ್ತು ದಾಟಿದ ಮನುಷ್ಯ. ಎರಡು ಡಬ್ಬಿ ತಂದು ಮೇಜಿನ ಮೇಲಿಟ್ಟರು. ಒಂದರ ಮೇಲೆ ಅವರಪ್ಪನ ಕೈಬರಹದಲ್ಲಿ "ರಸ್ತೆ" ಎಂದಿತ್ತು. ಇನ್ನೊಂದರ ಮೇಲೆ "ಇವಳು, ಹಿತ್ತಲು".

"ಇವಳು ಅಂದ್ರೆ ನಮ್ಮಮ್ಮ," ಅಂದರು ಬೀಗದವರು. "ನಾನು ಹತ್ತು ತಿಂಗಳ ಕೂಸು ಇದ್ದಾಗ ಹೋಗ್ಬಿಟ್ಳು. ಮನೇಲಿ ಒಂದೇ ಒಂದು ಫೋಟೋ ಇದೆ. ಕುರ್ಚಿ ಮೇಲೆ ಕೂತಿರೋದು. ನಿಂತ್ರೆ ಎಷ್ಟೆತ್ತರ ಇದ್ಳು ಅನ್ನೋದೂ ನಂಗೊತ್ತಿಲ್ಲ."

ಅತ್ತೆ ಡಬ್ಬಿ ತೆರೆದು ಮೂಸಿದಳು. ಹುಳಿ ವಾಸನೆ. ಎಷ್ಟು ಕುಗ್ಗಿದೆಯೆಂದು ಸ್ಕೇಲು ಇಟ್ಟು ಅಳೆದಳು.

"ಯಜಮಾನ್ರೇ, ಇದು ಕೊಳೀತಿದೆ. ಇನ್ನೊಂದು ತಿಂಗಳು ಬಿಟ್ರೆ ಒಣಗಿದ ಸಿಪ್ಪೆ. ಒಂದೇ ಸಲ ಓಡಿಸ್ಬಹುದು. ಎರಡನೇ ಸಲ ಇಲ್ಲ. ಒಂದೊಂದು ಹನ್ನೊಂದು ನಿಮಿಷ."

"ಮಧ್ಯ ನಿಂತ್ರೆ?"

"ನಿಲ್ಲಲ್ಲ," ಎಂದಳು ಅತ್ತೆ.

ಪಕ್ಕದಲ್ಲಿದ್ದ ಸೊಸೆ ಮನಸ್ಸಿನಲ್ಲೇ ಹನ್ನೊಂದರಲ್ಲಿ ಎಂಟು ಕಳೆದಳು. ಮೂರು ಉಳಿಯಿತು. ಗುರುವಾರ ಬನ್ನಿ ಎಂದು ಅತ್ತೆ ಆಗಲೇ ಹೇಳಿಯಾಗಿತ್ತು.

ಸೋಮವಾರ ಸೊಸೆ ಕಂಪ್ಯೂಟರ್ ಅಂಗಡಿಯಿಂದ ಎಸ್‌ಎಸ್‌ಡಿಯ ಮೇಲೆ ಕೂರಿಸುವ ಹೀಟ್‌ಸಿಂಕ್ ತಂದಳು. ಅಲ್ಯೂಮಿನಿಯಂ ಪಟ್ಟಿ, ಮೇಲೆ ಬಾಚಣಿಗೆಯ ಹಾಗೆ ಹಲ್ಲು, ಅಡಿಯಲ್ಲಿ ಮೆತ್ತನೆಯ ಅಂಟು ಪ್ಯಾಡು. ಬಿಸಿಯನ್ನು ಪ್ಯಾಡು ಹೀರಿ ಲೋಹಕ್ಕೆ ಕೊಡುತ್ತದೆ, ಲೋಹ ಗಾಳಿಗೆ ಕೊಡುತ್ತದೆ. ಫ್ಯಾನ್ ಬೇಡ, ಧೂಳಿಲ್ಲ, ಅತ್ತೆಗೂ ಸಮಾಧಾನ. ಗ್ರಾಫಿಕ್ಸ್ ಕಾರ್ಡು ಬಿಚ್ಚಿ ಎಸ್‌ಎಸ್‌ಡಿ ಹೊರಗಿಟ್ಟ ಹೊತ್ತಿಗೆ ಸರಿಯಾಗಿ ಮುಂದಿನ ಕೋಣೆಗೆ ಗಿರಾಕಿ ಬಂದರು. ಅವಳು ಹೋಗಿ ಬರುವಷ್ಟರಲ್ಲಿ ಅತ್ತೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಪುಟ್ಟ ಸ್ಕ್ರೂಡ್ರೈವರಿನಲ್ಲಿ ಕೊನೆಯ ಸ್ಕ್ರೂ ಬಿಗಿಯುತ್ತಿದ್ದಳು.

"ಅತ್ತೆ, ನೀವ್ಯಾಕೆ..."

"ಸಾಸಿವೆ ಕಾಳಿನಷ್ಟು ಸ್ಕ್ರೂ. ನಿನ್ನ ಕೈಗೆ ಆಗುತ್ತಾ ಇದು? ಜೀವಮಾನ ಎಲ್ಲಾ ನಾನು ಇಂಥದ್ದೇ ಮಾಡಿದ್ದು."

ಕೂರಿಸಿದ್ದೂ ಅಚ್ಚುಕಟ್ಟು. ಗೆರೆ ಎಳೆದ ಹಾಗಿತ್ತು. ಸೊಸೆ ಎಸ್‌ಎಸ್‌ಡಿ, ಕಾರ್ಡು ಎರಡನ್ನೂ ವಾಪಸ್ ಹಾಕಿ ಮುಚ್ಚಿದಳು. ಖಾಲಿ ರೀಲು ಹಾಕಿ ಓಡಿಸಿದರು.

ಎಂಬತ್ತಾರು.

ಮೊದಲಿಗಿಂತ ಎರಡು ಹೆಚ್ಚು. ಏಳೂವರೆ ನಿಮಿಷಕ್ಕೇ ಸ್ಕ್ಯಾನರ್ ನಿಂತಿತು.

ಮಂಗಳವಾರ, ಬುಧವಾರ ಎರಡೂ ದಿನ ಸೊಸೆಗೆ ಊಟ ರುಚಿಸಲಿಲ್ಲ. ಪೆಟ್ಟಿಗೆಯನ್ನು ಗೋಡೆಯಿಂದ ದೂರ ಎಳೆದಳು: ಎಂಬತ್ತಾರು. ಒಳಗಿನ ವೈರುಗಳನ್ನು ಜಡೆ ಹೆಣೆದ ಹಾಗೆ ಕಟ್ಟಿ ಪಕ್ಕಕ್ಕೆ ಸರಿಸಿದಳು: ಎಂಬತ್ತೈದು, ಆಮೇಲೆ ಮನಸ್ಸು ಬದಲಾಯಿಸಿ ಎಂಬತ್ತಾರು. ಪಕ್ಕದ ತಗಡು ತೆಗೆದು ಓಡಿಸಿದಳು: ಒಂಬತ್ತು ನಿಮಿಷ ಬಂತು, ಸಾಲದು. ಕಂಪ್ಯೂಟರನ್ನೇ ಫ್ಯಾನ್ ಹಾಕಬಹುದಾದ ಮುಂದಿನ ಕೋಣೆಗೆ ಒಯ್ಯೋಣವೆಂದರೆ ಸ್ಕ್ಯಾನರಿನ ವೈರು ಬಾಗಿಲ ತನಕವೂ ಬರುವುದಿಲ್ಲ. ನಿಧಾನವಾಗಿ ಓಡಿಸೋಣವೆಂದರೆ ಆ ಹಳೇ ಯಂತ್ರಕ್ಕೆ ಒಂದೇ ವೇಗ.

"ಹಣೆಗೆ ಒದ್ದೆ ಬಟ್ಟೆ ಹಾಕಿ ನೋಡಿದ್ಯಾ?" ಎಂದಳು ಅತ್ತೆ. ತಮಾಷೆಗಲ್ಲ.

ಮಧ್ಯಾಹ್ನ ಬಸ್ಸಿನ ಪಾಳಿ ಮುಗಿಸಿ ಸೊಸೆಯ ಗಂಡ ಫೋನ್ ಮಾಡುತ್ತಿದ್ದ. "ಜ್ವರ ಎಷ್ಟಿದೆ ಇವತ್ತು?"

"ಎಂಬತ್ತಾರು."

"ಇನ್ನು ನೂರಕ್ಕೆ ಹದಿನಾಲ್ಕೇ ಬೇಕು," ಎಂದು ಧೈರ್ಯ ಹೇಳಿ ಇಟ್ಟುಬಿಡುತ್ತಿದ್ದ.

ಗುರುವಾರ ಬೆಳಗ್ಗೆ ಹತ್ತೂವರೆಗೆ ಸೊಸೆ ನಾಚಿಕೆ ಬಿಟ್ಟು ಕಂಪ್ಯೂಟರ್ ಅಂಗಡಿಯವನಿಗೆ ಫೋನ್ ಹಚ್ಚಿದಳು. ಅವನು ಎಲ್ಲಾ ಕೇಳಿಸಿಕೊಂಡ. ಆಮೇಲೆ ಬಹಳ ಮರ್ಯಾದೆಯಿಂದ, ಹೀಗೆ ಕೇಳುವುದಕ್ಕೆ ತನಗೇ ಸಂಕೋಚವೆಂಬಂತೆ, "ಅಕ್ಕಾ, ಆ ಪ್ಯಾಡಿನ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ ಇರುತ್ತೆ. ಅದನ್ನ ಕಿತ್ತೇ ತಾನೇ ಹಾಕಿದ್ದು?" ಎಂದ.

ಸೊಸೆ ಮುಂದಿನ ಕೋಣೆಯಲ್ಲಿ ನಿಂತಿದ್ದಳು. ಎದುರಿಗೆ ಟೀವಿಯ ರಿಮೋಟು, ಪ್ಲಾಸ್ಟಿಕ್ ಕವರಿನಲ್ಲಿ. ಪಕ್ಕದಲ್ಲಿ ತೂಕದ ಯಂತ್ರ, ಅದರ ಗಾಜಿಗೆ ಕಂಪನಿಯ ಹಾಳೆ ಇನ್ನೂ ಅಂಟಿಕೊಂಡೇ ಇತ್ತು. ಗೋಡೆ ಗಡಿಯಾರಕ್ಕೂ ಹಾಗೆಯೇ, ಅದರಲ್ಲಿ ಗಂಟೆ ನೋಡಲು ತುಸು ಬಗ್ಗಬೇಕಿತ್ತು. ಮನೆಯ ಫ್ರಿಜ್ಜಿನ ಹಿಡಿಗೆ ಪ್ಲಾಸ್ಟಿಕ್, ಕುಕ್ಕರಿನ ಹಿಡಿಗೆ ಪ್ಲಾಸ್ಟಿಕ್. ಅವಳ ಮದುವೆಯಾಗಿ ಆರು ವರ್ಷ, ಮಂಚದ ಹಾಸಿಗೆಯ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಯಾರು ಯಾವಾಗ ಮಗ್ಗುಲು ಬದಲಿಸಿದರು ಎಂಬುದು ಮನೆಮಂದಿಗೆಲ್ಲ ತಿಳಿಯುತ್ತಿತ್ತು. ಒಮ್ಮೆ ಕೇಳಿದ್ದಕ್ಕೆ ಅತ್ತೆ ಹೇಳಿದ್ದಳು: "ನಲವತ್ತು ವರ್ಷ ಜನರ ರೀಲು ನೋಡಿದ್ದೀನಿ. ಮುಚ್ಚಿಟ್ಟವರದ್ದು ಉಳೀತು. ಬಿಚ್ಚಿಟ್ಟವರದ್ದು ಹೋಯ್ತು." ಅದಕ್ಕೆ ಎದುರು ಮಾತು ಇರಲಿಲ್ಲ, ಏಕೆಂದರೆ ಅದು ನಿಜ.

"ಅಕ್ಕಾ? ಲೈನಲ್ಲಿದ್ದೀರಾ?"

"ಇದ್ದೀನಿ," ಎಂದಳು ಸೊಸೆ.

ನೀವೀಗ ಹೇಳುತ್ತೀರಿ, ಇದರಲ್ಲೇನಿದೆ, ಹೋಗಿ ಅತ್ತೆಗೆ ಹೇಳಿ ಕಿತ್ತರಾಯಿತು ಎಂದು. ಎರಡು ವರ್ಷದ ಹಿಂದೆ ಏನಾಯಿತೆಂದು ನಿಮಗೆ ಗೊತ್ತಿಲ್ಲ, ಅದಕ್ಕೆ ಹಾಗನ್ನುತ್ತೀರಿ. ಯಾರದೋ ರೀಲು ಜೋಡಿಸುವಾಗ ಅತ್ತೆಯ ಕತ್ತರಿ ಜಾರಿ ಆರು ಚಿತ್ರ ಕತ್ತರಿಸಿಹೋಗಿತ್ತು. ಆರು ಚಿತ್ರವೆಂದರೆ ಪರದೆಯ ಮೇಲೆ ಒಂದು ಸೆಕೆಂಡಿನ ಮೂರನೇ ಒಂದು ಪಾಲು. ರೀಲಿನವರು ನೋಡಿ ಚಪ್ಪಾಳೆ ತಟ್ಟಿ ಹೋದರು, ಯಾರಿಗೂ ತಿಳಿಯಲಿಲ್ಲ. ಅತ್ತೆ ಮಾತ್ರ ಗ್ಲೌಸ್ ಬಿಚ್ಚಿ ಡ್ರಾಯರಿಗೆ ಹಾಕಿ "ನನ್ನ ಕೈ ಇನ್ನು ನಂಬೋ ಹಾಗಿಲ್ಲ" ಎಂದಳು. ಏಳು ತಿಂಗಳು ರೀಲು ಮುಟ್ಟಲಿಲ್ಲ. ಮನೆಯಲ್ಲಿ ಕೂತು ಪಾತ್ರೆ ಉಜ್ಜಿದಳು. ಉಜ್ಜಿದ್ದನ್ನೇ ಉಜ್ಜಿದಳು. ಅಂಗಡಿ ಹಳೇ ಫೋಟೋ ಸ್ಕ್ಯಾನ್ ಮಾಡಿಕೊಂಡು ಹೇಗೋ ಉಸಿರಾಡಿತು.

ಇವತ್ತು "ಅತ್ತೆ, ನೀವು ಹಾಕಿದ್ದು ತಪ್ಪು" ಎಂದರೆ ಗ್ಲೌಸ್ ಡ್ರಾಯರಿಗೆ ಹೋಗುತ್ತದೆ. ಬೀಗದವರ ರೀಲಿಗೆ ಇರುವುದು ಒಂದೇ ತಿಂಗಳು. ಅದನ್ನು ದಾಟಿಸುವ ಕೈ ಅದೊಂದೇ. ಹೇಳದೆ ಹಾಗೇ ಓಡಿಸಿದರೆ ಏಳೂವರೆ ನಿಮಿಷಕ್ಕೆ ಎರಡು ತುಂಡು.

ಅಷ್ಟರಲ್ಲಿ ಬೀಗದವರು ಬಂದೇಬಿಟ್ಟರು. ಹನ್ನೊಂದಕ್ಕೆ ಬನ್ನಿ ಎಂದರೆ ಹತ್ತು ಮುಕ್ಕಾಲಿಗೇ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಾಯಿ ತನ್ನನ್ನು ನೋಡುತ್ತಾಳೇನೋ ಎಂಬ ಹಾಗೆ ತಲೆ ಬಾಚಿಕೊಂಡು.

ರೀಲು ಓಡಿಸುವ ಮುಂಚೆ ಅತ್ತೆಯದೊಂದು ಕ್ರಮ ಇತ್ತು. ಎರಡೂ ಕಣ್ಣಿಗೆ ಔಷಧದ ಹನಿ ಬಿಟ್ಟುಕೊಂಡು, ಕೋಣೆಯ ಮೂಲೆಯ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚಾಚಿ, ಹತ್ತು ನಿಮಿಷ ಕಣ್ಣು ಮುಚ್ಚುವುದು. ಆಗ ಅವಳು ಯಾರಿಗಾಗಿಯೂ ಕಣ್ಣು ಬಿಡುವುದಿಲ್ಲ.

ಅತ್ತೆ ಹನಿ ಬಿಟ್ಟುಕೊಂಡಳು. ಸೊಸೆ ಕಂಪ್ಯೂಟರ್ ಆರಿಸಿದಳು.

ಅತ್ತೆಯ ಕುರ್ಚಿಗೂ ಕಂಪ್ಯೂಟರಿಗೂ ನಡುವೆ ನಾಲ್ಕು ಹೆಜ್ಜೆ. ಸೊಸೆ ಪಕ್ಕದ ತಗಡು ತೆಗೆದಳು. ಅದು ಯಾವತ್ತೂ ಸದ್ದಿಲ್ಲದೆ ಬಂದದ್ದಿಲ್ಲ, ಇವತ್ತೂ ಬರಲಿಲ್ಲ.

"ಏನದು ಸದ್ದು?"

"ಧೂಳು ಒರೆಸ್ತಿದ್ದೀನಿ ಅತ್ತೆ."

"ಒರೆಸು, ಒರೆಸು," ಎಂದು ಅತ್ತೆ ಮೆಚ್ಚಿದಳು.

ಗ್ರಾಫಿಕ್ಸ್ ಕಾರ್ಡಿನ ಕೊಕ್ಕೆಗೆ ಅವಸರದಲ್ಲಿ ಸೊಸೆಯ ಬೆರಳು ಎಟುಕಲಿಲ್ಲ. ಎರಡು ಸಲ ಜಾರಿತು. ಅವಳ ಹೆಗಲ ಮೇಲಿಂದ ಒಂದು ತೆಳ್ಳನೆಯ ಉಕ್ಕಿನ ಕಡ್ಡಿ ಇಳಿದು ಬಂದು ಕೊಕ್ಕೆಯನ್ನು ಟಿಕ್ ಎನಿಸಿತು. ಬೀಗದವರು. ಬೀಗ ತೆರೆಯುವ ಕಡ್ಡಿಯನ್ನು ಜೇಬಿನಲ್ಲಿ ಇಟ್ಟುಕೊಂಡೇ ತಿರುಗುತ್ತಾರೆ.

"ಏನ್ ತಂಗೀ ನಡೀತಿರೋದು?" ಎಂದು ಪಿಸುಗುಟ್ಟಿದರು.

"ಆಮೇಲೆ ಹೇಳ್ತೀನಿ. ಟಾರ್ಚ್ ಹಿಡೀರಿ."

"ಒಳಗೆ ಏನಾದ್ರೂ ಹೋಗಿದ್ಯಾ? ನಮ್ಮ ರೀಲಿಗೆ..."

"ಅಣ್ಣಾ, ನಿಮ್ಮ ರೀಲಿಗೋಸ್ಕರಾನೇ. ಮಾತಾಡ್ಬೇಡಿ."

ಬೀಗದವರು ಟಾರ್ಚ್ ಹಿಡಿದರು. ಬೇರೆಯವರ ಮನೆಯ ಕಪಾಟು ತೆರೆದು ಕೊಟ್ಟು, ಒಳಗಿದ್ದದ್ದನ್ನು ನೋಡದ ಹಾಗೆ ನಿಲ್ಲುವುದು ಅವರ ಕಸುಬು. ಸಾಸಿವೆ ಕಾಳಿನ ಸ್ಕ್ರೂ ನಾಲ್ಕನ್ನೂ ಅವರೇ ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಂಡರು. ಹೀಟ್‌ಸಿಂಕ್ ಮೇಲೆತ್ತಿದರೆ, ಪ್ಯಾಡಿನ ಮೇಲೆ ನೀಲಿ ಹಾಳೆ, ಒಂದು ಸುಕ್ಕಿಲ್ಲದೆ, ಒಂದು ಗುಳ್ಳೆಯಿಲ್ಲದೆ. ಹಾಳೆಯ ಮೂಲೆಯಲ್ಲಿ "ತೆಗೆಯಿರಿ" ಎಂದು ಯಾವುದೋ ನಾಲ್ಕು ಭಾಷೆಯಲ್ಲಿ ಅಚ್ಚಾಗಿತ್ತು. ಅದರಲ್ಲಿ ಅತ್ತೆಗೆ ಬರುವುದು ಒಂದೂ ಇರಲಿಲ್ಲ.

ಸೊಸೆ ಉಗುರಿನಲ್ಲಿ ಮೂಲೆ ಎಬ್ಬಿಸಿ ಎಳೆದಳು. ಚರ್ರ್ ಎಂದಿತು. ಆ ಕುಟುಂಬದಲ್ಲಿ ಆರು ವರ್ಷದಿಂದ ಯಾರೂ ಕೇಳಿರದ ಸದ್ದು.

ಕುರ್ಚಿಯಲ್ಲಿ ಅತ್ತೆಯ ಕತ್ತು ಒಂದಿಷ್ಟು ಎದ್ದಿತು. "ಏನದು?"

ಬೀಗದವರು ಕೆಮ್ಮಿದರು. ಒಂದು ಕೆಮ್ಮಿಗೆ ನಂಬಿಕೆ ಸಾಲದೆಂದು ಮೂರು ನಾಲ್ಕು ಕೆಮ್ಮಿದರು.

"ನೀರು ಕೊಡೇ ಅವರಿಗೆ," ಎಂದು ಅತ್ತೆ ಮತ್ತೆ ತಲೆ ಒರಗಿಸಿದಳು.

ಪ್ಯಾಡು ಈ ಸಲ ಎಸ್‌ಎಸ್‌ಡಿಗೆ ಕಚ್ಚಿಕೊಂಡು ಕೂತಿತು. ಸ್ಕ್ರೂ, ಕಾರ್ಡು, ಕೊಕ್ಕೆ, ತಗಡು. ಕಂಪ್ಯೂಟರ್ ಎದ್ದು ಮಾಮೂಲಿನ ಹಾಗೆ ಪೀಂ ಎನ್ನುವುದಕ್ಕೂ ಅತ್ತೆ ಕಣ್ಣು ಬಿಡುವುದಕ್ಕೂ ಸರಿಹೋಯಿತು. ಖಾಲಿ ರೀಲು ಹಾಕಿ ನೋಡಲು ಹೊತ್ತಿಲ್ಲ. ಅತ್ತೆ ಗ್ಲೌಸ್ ಹಾಕಿಕೊಂಡಾಗಿತ್ತು.

"ಮೊದಲು ರಸ್ತೆ. ಆಮೇಲೆ ಅಮ್ಮ," ಎಂದಳು. "ಓದು."

ಓದುವುದೆಂದರೆ ಇದು: ರೀಲಿನ ಮೇಲೆ ಬೆರಳಿಟ್ಟರೆ ಅತ್ತೆ ಪರದೆ ನೋಡುವಂತಿಲ್ಲ. ನಿಮಿಷಕ್ಕೊಮ್ಮೆ ಸೊಸೆ ಡಿಗ್ರಿ ಹೇಳಬೇಕು. ಅಂಕಿ ಏರಿದರೆ ಯಂತ್ರ ಜಗ್ಗುವ ಮೊದಲೇ ಅತ್ತೆ ರೀಲನ್ನು ಸಡಿಲ ಹಿಡಿದುಕೊಳ್ಳುತ್ತಾಳೆ. ಉಳಿದರೆ ಅಷ್ಟರಿಂದ ಉಳಿಯಬೇಕು. ಅತ್ತೆಯ ಕಣ್ಣು ಆಗ ಸೊಸೆಯ ಬಾಯಲ್ಲಿ ಇರುತ್ತದೆ.

"ನಲವತ್ತೆಂಟು," ಎಂದಳು ಸೊಸೆ. "ಐವತ್ತೈದು... ಐವತ್ತೊಂಬತ್ತು..."

ಪರದೆಯ ಮೇಲೆ ಬೀಗದವರ ತಂದೆ ತೆಗೆದ ರಸ್ತೆ ಓಡತೊಡಗಿತು. ಒಂದು ಗೋಡೆ. ಗೋಡೆಗೆ ಒರಗಿಸಿದ ಸೈಕಲ್ಲು. ತುಂಬಾ ಹೊತ್ತು ಸೈಕಲ್ಲು. ಆಮೇಲೆ ಯಾರದೋ ಕಿವಿ.

"ನಮ್ಮ ಚಿಕ್ಕಪ್ಪ," ಎಂದರು ಬೀಗದವರು, ಹೆಮ್ಮೆಯಿಂದ.

"ಅರವತ್ತೊಂದು. ಅರವತ್ತೆರಡು. ಅರವತ್ತೆರಡು."

ಏಳು ನಿಮಿಷ. ಅರವತ್ತೆರಡು. ಎಂಟು. ಅರವತ್ತಮೂರು. ಒಂಬತ್ತು. ಪರದೆಯಲ್ಲಿ ಮತ್ತೆ ಸೈಕಲ್ಲು, ಈ ಸಲ ಇನ್ನೊಂದು ಕಡೆಯಿಂದ. ಹತ್ತು. ಅರವತ್ತಮೂರು. ಹನ್ನೊಂದು. ರೀಲಿನ ಬಾಲ ಅತ್ತೆಯ ಬೆರಳಿನಿಂದ ಜಾರಿ ಚಕ್ರಕ್ಕೆ ಪಟಪಟ ಹೊಡೆಯಿತು. ಯಂತ್ರ ತಾನಾಗಿ ನಿಂತಿತು, ನಿಲ್ಲಬೇಕಾದಲ್ಲಿ.

ಬೀಗದವರು ಕೈ ಮುಗಿದರು. ಯಾರಿಗೆಂದು ಸ್ಪಷ್ಟವಿರಲಿಲ್ಲ, ಕಂಪ್ಯೂಟರಿಗೂ ಇರಬಹುದು.

ಅತ್ತೆ ಎರಡನೇ ಡಬ್ಬಿ ತೆರೆದಳು. ಹುಳಿ ವಾಸನೆ ಕೋಣೆ ತುಂಬಿತು. ರೀಲಿನ ತುದಿಯನ್ನು ಬೆಳಕಿಗೆ ಹಿಡಿದಳು. ಅಂಚು ಬಾಳೆಲೆಯ ಹಾಗೆ ಮುದುರತೊಡಗಿತ್ತು.

"ಇದು ಅದಕ್ಕಿಂತ ಕೆಟ್ಟಿದೆ. ಸುರುಳಿ ಬಿಚ್ಚಿಯಾಯ್ತು, ಇನ್ನು ವಾಪಸ್ ಸುತ್ತೋ ಹಾಗಿಲ್ಲ. ಈಗಲೇ ಓಡಿಸ್ಬೇಕು." ತುದಿಯನ್ನು ಯಂತ್ರದ ಬಾಯಿಗೆ ಸಿಕ್ಕಿಸಿದಳು. ಎರಡೂ ಕಡೆ ಎರಡೆರಡು ಬೆರಳು ಇಟ್ಟಳು. ಸೊಸೆ ಬಟನ್ ಒತ್ತಲು ಕೈ ಚಾಚಿದಳು.

"ತಡಿ," ಎಂದಳು ಅತ್ತೆ.

ಸೊಸೆ ತಡೆದಳು.

"ನಿನ್ನೆ ಎಂಬತ್ತಾರು ಇತ್ತು. ಇವತ್ತು ಅರವತ್ತಮೂರು. ಏನ್ ಮಾಡ್ದೆ?"

"ಏನಿಲ್ಲ ಅತ್ತೆ. ತಾನೇ ಸರಿ ಹೋಯ್ತು."

"ನಲವತ್ತು ವರ್ಷ ಯಂತ್ರದ ಜೊತೆ ಬಾಳಿದ್ದೀನಿ. ಯಾವ ಯಂತ್ರವೂ ತಾನಾಗಿ ಸರಿ ಹೋಗಿದ್ದು ನೋಡಿಲ್ಲ. ತಾನಾಗಿ ಕೆಟ್ಟಿದ್ದು ನೋಡಿದ್ದೀನಿ." ಅತ್ತೆಯ ಕಣ್ಣು ರೀಲಿನ ಮೇಲೇ ಇತ್ತು. ಬೆರಳು ಕದಲಲಿಲ್ಲ. "ನಾನು ಹಾಕಿದ್ರಲ್ಲಿ ತಪ್ಪಿತ್ತಾ? ಹೌದು, ಇಲ್ಲ, ಅಷ್ಟೇ ಹೇಳು. ನೀನು ಹೇಳಿದ್ನ ನಂಬಿ ತಾನೇ ನಾನು ಇದನ್ನ ಹಿಡ್ಕೊಂಡಿರೋದು."

ಬೀಗದವರು ತಮ್ಮ ಚಪ್ಪಲಿ ನೋಡುತ್ತಾ ನಿಂತರು. ಒಂದು ಗೆರೆಯೂ ಮುಖದ ಮೇಲೆ ಅಲ್ಲಾಡಲಿಲ್ಲ. ಆದರೆ ಇಸ್ತ್ರಿ ಮಾಡಿದ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಹೌದು ಎಂದರೆ ಆ ಬೆರಳುಗಳು ಈಗಲೇ ಮೇಲೇಳಬಹುದು. ಇನ್ನು ಏಳು ತಿಂಗಳು ಇಳಿಯದೆಯೂ ಇರಬಹುದು. ಹಿತ್ತಲಿನಲ್ಲಿ ನಡೆದಾಡುತ್ತಿರುವ ಒಬ್ಬಳು ಅಲ್ಲೇ ಮುದುರಿ ಸಿಪ್ಪೆಯಾಗುತ್ತಾಳೆ. ಇಲ್ಲ ಎಂದರೆ ರೀಲು ಓಡುತ್ತದೆ. ಆದರೆ ಅತ್ತೆ ಗೊಂಬೆಯಲ್ಲ. ಆ ಸುಳ್ಳು ಇವತ್ತಲ್ಲ ನಾಳೆ ಅವಳಿಗೆ ತಿಳಿಯುತ್ತದೆ. ತಿಳಿದ ದಿನದಿಂದ ಸೊಸೆ ಅರವತ್ತೆರಡು ಎಂದರೆ ಅದು ಅರವತ್ತೆರಡೇ ಎಂದು ನಂಬಿ ಆ ಬೆರಳು ಯಾವ ರೀಲಿನ ಮೇಲೂ ಕೂರುವುದಿಲ್ಲ.

ಯಂತ್ರದ ಬಾಯಲ್ಲಿ ರೀಲು ಇನ್ನೊಂದು ಎಳೆಯಷ್ಟು ಮುದುರಿತು.

"ಹೇಳೇ," ಎಂದಳು ಅತ್ತೆ.

ಸೊಸೆಯ ಒಂದು ಬೆರಳು ಬಟನ್ನಿನ ಮೇಲಿತ್ತು. ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು, ಒಂದಲ್ಲ, ಎರಡೂ. ನೀವಾಗಿದ್ದರೆ ಯಾವುದನ್ನು ಹೇಳುತ್ತಿದ್ದಿರಿ?